ಮುಹೂರ್ತದ ದೋಣಿ

ಮೊದಲ ದೋಣಿ ಅಳಿವೆಬಾಯಿ ದಾಟಿ ತೆಂಕಗರೆ ಬಂದರಿನೊಳಗೆ ಬಂದಾಗ ಅದರ ಚುಕ್ಕಾಣಿಯ ಮೇಲೆ ಯಾರ ಕೈಯೂ ಇರಲಿಲ್ಲ. ದಡದ ಗೋಪುರದಲ್ಲಿದ್ದ 'ದಡಸೇರಿ' ಎಂಬ ಯಂತ್ರವೇ ಅದನ್ನು ನಡೆಸಿತ್ತು. ೨೦೬೨ರ ಆ ಮಧ್ಯಾಹ್ನ ತೂಫಾನು ಹೇಳದೆ ಕೇಳದೆ ಬಂದಿತ್ತು. ಗಳಿಗೆಗೊಂದು ಕಡೆ ಸರಿಯುವ ಮರಳದಿಬ್ಬಗಳ ನಡುವೆ ಮನುಷ್ಯರ ಕಣ್ಣಿಗೆ ದಾರಿ ಸಿಗುವಂತಿರಲಿಲ್ಲ. ನೀರಿನಡಿಯನ್ನೂ ನೋಡಬಲ್ಲ ದಡಸೇರಿಗೆ ಸಿಗುತ್ತಿತ್ತು.

ಅದನ್ನು ಕಟ್ಟಿದ ವಿಜ್ಞಾನಿ ಶರ್ಮಿಳಾ ಕರ್ಕೇರ ಹಿಗ್ಗಿದಳು. ಪಕ್ಕದಲ್ಲಿದ್ದ ಮೀನುಗಾರರ ಸಂಘದ ಅಧ್ಯಕ್ಷ ಗಂಗಾಧರ ಕುಂದರ್ ಹಿಗ್ಗಲಿಲ್ಲ. ಅವರ ಮಗಳು ನಯನಾ ಅಳಿವೆಯ ಹೊರಗೆ ಕಾದು ನಿಂತ ದೋಣಿಗಳ ಸಾಲಿನಲ್ಲಿ ಕಟ್ಟಕಡೆಯ ದೋಣಿಯಲ್ಲಿದ್ದಳು. ಅದರ ಇಂಜಿನ್ ಕೋಣೆಗೆ ನೀರು ನುಗ್ಗುತ್ತಿತ್ತು.

"ಉಳಿದವರೆಲ್ಲ ಎಂತಕ್ಕೆ ಅಲ್ಲೇ ನಿಂತಿದ್ದಾರೆ ಶರ್ಮಿಳಾ? ಒಂದು ಬಂದ ಮೇಲೆ ಇನ್ನೊಂದಾದ್ರೆ, ನನ್ನ ಮಗಳ ಸರದಿ ಬರುವಾಗ ದೋಣಿಯೇ ಇರ್ಲಿಕ್ಕಿಲ್ಲ."

ಯಂತ್ರದ ಪ್ರೋಗ್ರಾಂ ಇದ್ದದ್ದು ಜಾವಾ ಎಂಬ ಅಜ್ಜನ ಕಾಲದ ಭಾಷೆಯಲ್ಲಿ. ದೋಣಿಗೊಂದು ಥ್ರೆಡ್, ಅಂದರೆ ತನ್ನ ಪಾಡಿಗೆ ತಾನು ನಡೆಯುವ ಕೆಲಸದ ಎಳೆ. ಮಾಡಬೇಕಾದ ಕೆಲಸವನ್ನು 'ರನ್' ಎಂಬ ಭಾಗದಲ್ಲಿ ಬರೆದಿಡುತ್ತಾರೆ. ಹೊರಡಿಸುವಾಗ ಮಾತ್ರ 'ಸ್ಟಾರ್ಟ್' ಎನ್ನಬೇಕು. ಆಗ ಹೊಸ ಎಳೆ ಹುಟ್ಟಿ ಆ ಕೆಲಸವನ್ನು ಹೊತ್ತುಕೊಳ್ಳುತ್ತದೆ, ಮುಖ್ಯ ಎಳೆ ಮುಂದಿನ ದೋಣಿಯನ್ನು ಹೊರಡಿಸಲು ಹೋಗುತ್ತದೆ. ನೇರವಾಗಿ ರನ್ ಎಂದುಬಿಟ್ಟರೆ ಹೊಸ ಎಳೆ ಹುಟ್ಟುವುದೇ ಇಲ್ಲ. ಅಡುಗೆಯವರನ್ನು ಕರೆಸಿ ಕೂರಿಸಿ ಒಲೆಯ ಮುಂದೆ ತಾನೇ ನಿಂತ ಯಜಮಾನನ ಹಾಗೆ, ಮುಖ್ಯ ಎಳೆ ಒಂದೊಂದನ್ನೇ ಮುಗಿಸುತ್ತ ಕೂರುತ್ತದೆ.

ಶರ್ಮಿಳಾ ಪರದೆಯಲ್ಲಿ ದೋಣಿಗಳನ್ನು ಹೊರಡಿಸುವ ಆ ಸಾಲು ಹುಡುಕಿದಳು. ರನ್ ಎಂದೇ ಇತ್ತು! ಕಾಲೇಜಿನ ಮಕ್ಕಳು ಮಾಡುವ ತಪ್ಪು. ಯಂತ್ರದ ಪರೀಕ್ಷೆ ನಡೆದದ್ದು ಸಮುದ್ರಪೂಜೆಯ ದಿನ. ಅಂದು ಮುಹೂರ್ತದ ದೋಣಿ ಒಂದೇ ಕಡಲಿಗಿಳಿದು ಮರಳಬೇಕು, ಉಳಿದವು ಮರುದಿನ. ಅದು ಸಂಘದ ಕಟ್ಟಳೆ. ದೋಣಿ ಒಂದೇ ಇದ್ದಾಗ ಈ ತಪ್ಪು ಯಾರ ಕಣ್ಣಿಗೆ ಬೀಳಬೇಕು? ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ತಪ್ಪು ತನ್ನದೇ ಎಂದು ಅವಳು ಒಪ್ಪಿಕೊಂಡಳು. ತಿದ್ದಲು ಯಂತ್ರವನ್ನು ನಿಲ್ಲಿಸಬೇಕಿತ್ತು. ಆದರೆ ಎರಡನೆಯ ದೋಣಿ ಆಗಲೇ ಅಳಿವೆಯ ನಡುವಿತ್ತು. ನಿಲ್ಲಿಸಿದರೆ ಅದು ದಿಬ್ಬಕ್ಕೆ ಬಡಿಯುತ್ತದೆ.

ಗಂಗಾಧರರು ಕಡಲನ್ನೊಮ್ಮೆ ನೋಡಿದರು. "ಅದು ಒಳಗೆ ಬರ್ಲಿ. ಅದರಲ್ಲಿರುವವರೂ ಮಕ್ಕಳೇ ಅಲ್ವಾ?"

ಅದು ಒಳಗೆ ಬಂತು. ಶರ್ಮಿಳಾ ಆ ಒಂದು ಪದವನ್ನು ತಿದ್ದಿ ಯಂತ್ರವನ್ನು ಮತ್ತೆ ಹೊರಡಿಸಿದಳು.

ಕಡಲಿನಲ್ಲಿದ್ದ ಅಷ್ಟೂ ದೋಣಿಗಳು ಒಟ್ಟಿಗೆ ಮೂತಿ ತಿರುಗಿಸಿದವು. ಪ್ರತಿಯೊಂದೂ ಅಕ್ಕಪಕ್ಕದವುಗಳ ಮೇಲೆ ಕಣ್ಣಿಟ್ಟು ತನ್ನ ದಾರಿಯನ್ನು ತಾನೇ ಹುಡುಕುತ್ತ ಬಂತು. ಎಳೆಗಳು ಹೊರಟ ಕ್ರಮದಲ್ಲೇ ಮುಗಿಯಬೇಕೆಂದೇನಿಲ್ಲ. ಕಟ್ಟಕಡೆಯಲ್ಲಿದ್ದ ನಯನಾಳ ದೋಣಿ ಅರ್ಧ ಮುಳುಗಿದ್ದರೂ, ಅಕ್ಕಪಕ್ಕದವು ದಾರಿ ಬಿಟ್ಟದ್ದರಿಂದ ಎಷ್ಟೋ ದೋಣಿಗಳನ್ನು ಹಿಂದೆ ಹಾಕಿ ಜೆಟ್ಟಿ ಮುಟ್ಟಿತು. ಗಂಗಾಧರರು ಮಗಳನ್ನು ತಬ್ಬಿಕೊಂಡು ಎಲ್ಲರೆದುರೇ ಅತ್ತರು. ಒಂದು ಜೀವವೂ ಹೋಗಲಿಲ್ಲ.

ಮರುವರ್ಷ ಸಂಘ ಕಟ್ಟಳೆಯನ್ನು ತಿದ್ದಿತು. ಪೂಜೆ ಮುಗಿಯುತ್ತಲೇ ಎಲ್ಲ ದೋಣಿಗಳೂ ಒಟ್ಟಿಗೆ ಕಡಲಿಗಿಳಿದವು. ಮುಹೂರ್ತದ ದೋಣಿ ಯಾವುದೆಂದು ಕೇಳಿದವರಿಗೆ ಗಂಗಾಧರರು ಎಲ್ಲವೂ ಎಂದರು.

ಇದೆಲ್ಲ ಮುಂದಿನ ಕಾಲದ ಮಾತಾಯಿತು. ಇಂದು ನಾವೂ ಒಂದೇ ದೋಣಿಯನ್ನು ಇಳಿಸಿ ನೋಡಿ, ಚಪ್ಪಾಳೆ ತಟ್ಟಿ, ಯಂತ್ರಗಳನ್ನು ಊರಿಗೆಲ್ಲ ಹಂಚುತ್ತಿದ್ದೇವೆ. ಕಟ್ಟಕಡೆಯ ದೋಣಿಯಲ್ಲಿ ಯಾರ ಮಗಳಿದ್ದಾಳೆಂದು ಯಾರಾದರೂ ಕೇಳಿದ್ದೇವೆಯೇ?