ಕೇಳಲಿಕ್ಕೆ ಕೊಟ್ಟ ದನಿ

“ಕಣ್ಣೇನ್ ಮನ್ಯಾಗ ಬಿಟ್ಟು ಬಂದೀ ಏನಲೇ? ಎಲಿ ಹಳದಿ ಆಗ್ಯಾವಂದ್ರ ನೀರು ಹೊರಗ ಬಿಡು, ಮೂಳಾ!”

ಬೈದದ್ದು ರೈತರಿಗೆ ಬೆಳೆಯ ಸಲಹೆ ಹೇಳುವ ಯಂತ್ರ. ಆದರೆ ದನಿ... ಮಹೇಶ್ವರಿಯ ಅವ್ವನದು!

ಸಿಂಧನೂರಿನ ಗೊಬ್ಬರದಂಗಡಿಯ ಮೇಲಂತಸ್ತಿನಲ್ಲಿ, ಯಾವ ಕಂಪನಿಗೂ ಸರ್ಕಾರಕ್ಕೂ ಸೇರದ ಆ ಚಿಕ್ಕ ಎಐ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ನಕ್ಕರು. ಮಹೇಶ್ವರಿ ನಗಲಿಲ್ಲ. ಮಸ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ಆಕೆ, ಯಂತ್ರಕ್ಕೆ ದನಿ ಕೊಟ್ಟ ಹೆಂಗಸರ ಪರವಾಗಿ ಕೇಂದ್ರದ ನಿಗಾ ಸಮಿತಿಗೆ ಬಂದ ಹೊಸ ಸದಸ್ಯೆ. ಸಮಿತಿಯ ಮೂವರಲ್ಲಿ ಒಬ್ಬರು ಬೇಡವೆಂದರೂ ಯಂತ್ರ ರೈತರ ಕೈಗೆ ಹೋಗುವಂತಿರಲಿಲ್ಲ.

“ಬಂದ್ ಮಾಡ್ರಿ ಅದನ್ನ!”

ಯಂತ್ರದ ಹಿಂದಿನಿಂದ ಒಂದು ತಲೆ ಮೇಲೆದ್ದಿತು. ಕೆದರಿದ ಕೂದಲು, ಅಗಲವಾದ ಕಣ್ಣು. ತುರ್ವಿಹಾಳದ ಹುಲಿಗೇಶ, ಯಂತ್ರಕ್ಕೆ ಮಾತು ಕಲಿಸಿದವನು.

“ಯಾಕ್ರೀ ಮೇಡಂ? ಚಂದ ಮಾತಾಡ್ತೈತಲ್ಲ...”

“ಅದು ನಮ್ಮವ್ವನ ದನಿ!”

“ಮುಕ್ಕುಂದದ ಪಾರ್ವತೆಮ್ಮಾರು... ನಿಮ್ಮವ್ವಾರಾ?” ಅವನ ಮುಖ ಅರಳಿತು. “ಭಾರಿ ದನೀರೀ! ನಾಟಿ ಹೆಣ್ಮಕ್ಕಳೆಲ್ಲಾ ಒಪ್ಪೇ ಕೊಟ್ಟಾರ.”

“ಯಂತ್ರ ನಮ್ಮ ಮಾತು ತಿಳಕೊಳ್ಳಲಿ ಅಂತ ಕೊಟ್ಟಾರ. ಅವರ ದನೀಲೆ ಊರ ಮಂದೀನ ಬೈಲಿ ಅಂತಲ್ಲ! ಈ ಬೈಗಳ ಎಲ್ಲಿ ಸಿಕ್ವು ನಿಮಗ?”

ಹುಲಿಗೇಶ ತಲೆ ಕೆರೆದುಕೊಂಡ. “ಬುತ್ತಿ ಬಿಚ್ಚಿದಾಗ ಮೈಕ್ ತಗೀಲಿಲ್ರೀ... ಅವೂ ಸೇರಿಬಿಟ್ಟಾವು.”

“ಹೋಗಿ ಒಪ್ಪಿಗಿ ಕೇಳ್ಕೊಂಡು ಬರ್ರಿ. ಒಬ್ಬೊಬ್ಬರನ್ನ, ಗದ್ದಿಗೆ ಹೋಗಿ!”

ಎಂಥ ಸೊಕ್ಕಿನವ! ಆದರೆ ಆ ಕಣ್ಣು... ಥೂ, ಕಣ್ಣಿನ ಮಾತು ಈಗ್ಯಾಕೆ!

ಅವನು ಮುಕ್ಕುಂದಕ್ಕೆ ಹೋದ; ಸರಿಯಾಗಿ ಕೇಳುತ್ತಾನೋ ಇಲ್ಲವೋ ನೋಡಲು ಮಹೇಶ್ವರಿಯೂ ಹೋದಳು. ಬದುವಿನ ಮೇಲೆ ನಿಂತು ಒಪ್ಪಿಗೆಯ ಬಗ್ಗೆ ಭಾಷಣ ಶುರು ಮಾಡಿದ ಕೂಡಲೇ ಪಾರ್ವತೆಮ್ಮ ಸಸಿಯ ಕಟ್ಟೊಂದನ್ನು ಅವನ ಕೈಗೆ ತುರುಕಿದಳು.

“ಬಾಯಿ ಆಡ್ಲಿ, ಕೈನೂ ಆಡ್ಲಿ. ಇಳಿ ಕೆಳಗ.”

ಇಳಿದ. ಜಾರಿದ. ಕೆಸರಿನಲ್ಲಿ ಕೂತ.

“ಯವ್ವಾ, ಎಐ ಬಿತ್ತಽ!” ಎಂದು ಹೆಂಗಸರು ಕೂಗಿದರು.

ಬದುವಿನ ಮೇಲಿದ್ದ ಮಹೇಶ್ವರಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮರುದಿನವೂ ಬಂದ. ಅದರ ಮರುದಿನವೂ... ಬೇಡ ಎಂದವರನ್ನು ಯಾಕೆಂದು ಕೇಳಿದನೇ ಹೊರತು ಒತ್ತಾಯ ಮಾಡಲಿಲ್ಲ. ನಾಟಿ ಮುಗಿಯುವಷ್ಟರಲ್ಲಿ ಮಹೇಶ್ವರಿಯ ಸಿಟ್ಟು ಎಲ್ಲಿ ಕರಗಿತೋ ಅವಳಿಗೇ ತಿಳಿಯಲಿಲ್ಲ.

ತೀರ್ಮಾನದ ಸಭೆ ಬಂತು. ಹೆಂಗಸರ ಅಭಿಪ್ರಾಯ ಹೇಳಲು ಪಾರ್ವತೆಮ್ಮನೂ ಬಂದು ಕೂತಳು. ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರ್ ಜಂಗ್ಲಿಸಾಬ್ ಕನ್ನಡಕ ಏರಿಸಿದರು.

“ಕೆಲಸ ಮಾಡೋರಿಗೂ ನಿಗಾ ಇಡೋರಿಗೂ ನಡುವ ಏನರ ಸಂಬಂಧ ಇದ್ರ ಎದ್ದು ಹೇಳ್ರಿ. ಇದ್ದ ಸದಸ್ಯರು ಕುರ್ಚಿ ಬಿಡಬೇಕು, ಕಾಯ್ದೆ. ಹುಲಿಗೇಶ?”

ಅವನು ಎದ್ದ. ಮಹೇಶ್ವರಿಯನ್ನು ನೋಡಿದ. ಆಮೇಲೆ ನೆಲ ನೋಡಿದ.

“ಏನೂ ಇಲ್ರೀ ಸರ್.”

ಏನೂ ಇಲ್ಲವೇ? ಒಂದೇ ಬುತ್ತಿಯ ರೊಟ್ಟಿ ತಿಂದದ್ದು, ಮಸ್ಕಿ ಬಸ್ಸುಗಳನ್ನು ಬೇಕೆಂದೇ ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಆಡಿದ ಮಾತು... ಏನೂ ಇಲ್ಲವೇ!

ಈಗ ಅವಳ ಸರದಿ. ಇಲ್ಲ ಎಂದರೆ ಕುರ್ಚಿ ಉಳಿಯುತ್ತದೆ, ಅವ್ವನ ದನಿಯನ್ನು ಕಾಯಬಹುದು. ಆದರೆ ಸುಳ್ಳು ಹೇಳಿ ಕೂತವಳು ಏನನ್ನು ತಾನೇ ಕಾದಾಳು?

“ನನ್ನ ಕಡಿಂದ... ಐತ್ರೀ ಸರ್.”

ಜಂಗ್ಲಿಸಾಬರ ಚಹಾ ಅಂಗಿಯ ಮೇಲೆ ಚೆಲ್ಲಿತು. “ಏನೈತಿ ಬೇಟಾ?”

“ಹುಲಿಗೇಶ ಅಂದ್ರ... ನನಗ ಇಷ್ಟರೀ.”

ಮಹೇಶ್ವರಿ ಯಾರನ್ನೂ ನೋಡದೆ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಒಳಗಿನ ಗದ್ದಲಕ್ಕೆ ಕಿವಿಗೊಟ್ಟಳು.

“ಮೂವರಿಲ್ಲದ ತೀರ್ಮಾನ ಆಗಂಗಿಲ್ಲ,” ಎಂದಳು ಮೂರನೆಯ ಸದಸ್ಯೆ, ವಕೀಲೆ ಫಿರ್ದೋಸ್. “ದನಿ ಕೊಟ್ಟೋರ ಪೈಕಿ ಯಾರರ ಕೂಡಬೌದು. ಪಾರ್ವತೆಮ್ಮಾರ ಕೂಡ್ಲಿ.”

“ಅವರಿಗೆ ಹುಡುಗ ಅಳಿಯ ಆದಂಗಾತಲ್ಲಮ್ಮ!” ಜಂಗ್ಲಿಸಾಬರ ಸಂಕಟ.

“ಯಾವನ್ರೀ ಅಳಿಯ?” ಪಾರ್ವತೆಮ್ಮ ಗುಡುಗಿದಳು. “ನಾ ಇನ್ನೂ ಹೂಂ ಅಂದಿಲ್ಲ. ಅನ್ನೂತನಾ ಇಂವ ಯಾರೋ, ನಾ ಯಾರೋ! ಮೊದಲ ನ್ಯಾಯ ಮುಗಸ್ರಿ, ಬೀಗತನ ಆಮ್ಯಾಲ ನೋಡೂನಂತ.”

“ಕಾಯ್ದೆದಾಗ ಅಳಿಯ ಅದಾನ್ರೀ ಸರ್, ಆಗೋ ಅಳಿಯ ಇಲ್ಲ,” ಫಿರ್ದೋಸ್ ನಗು ನುಂಗುತ್ತಾ ಹೇಳಿದಳು.

ಪಾರ್ವತೆಮ್ಮ ಕುರ್ಚಿ ಎಳೆದುಕೊಂಡ ಸದ್ದಾಯಿತು.

“ಯಂತ್ರ ನಮ್ಮ ಮಾತು ಕೇಳ್ಲಿ, ತಿಳಕೊಳ್ಳಲಿ. ನಮ್ಮ ದನೀಲೆ ಮಾತಾಡೂದು ಬ್ಯಾಡ. ಮಂದೀನ ಬೈಬೇಕಂದ್ರ ನಾನಽ ಬೈತೀನಿ.”

ಉಳಿದಿಬ್ಬರೂ ಒಪ್ಪಿದರು. ಅಷ್ಟೇ. ಮುಗಿಯಿತು.

ಹುಲಿಗೇಶ ಹೊರಗೆ ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

“ಅರ್ಧ ಕೆಲಸ ಹೋತ್ರೀ. ಬ್ಯಾರೆ ದನಿ ಹುಡುಕಬೇಕು... ಆದ್ರ ನಿಮ್ಮವ್ವಾರು ಅಂದದ್ದು ಖರೇ ಐತಿ.”

“ಏನೂ ಇಲ್ಲಂದ್ರಲ್ಲ ನೀವು!”

“ಐತಿ ಅಂದಿದ್ರ ನಿಮ್ಮ ಕುರ್ಚಿ ಹೋಗ್ತಿತ್ತು. ಅವ್ವನ ದನಿ ಕಾಯಾಕ ಕುಂತೀರಿ, ನನ್ನಿಂದ ಅದು...”

“ಸುಳ್ಳಿನ ಕುರ್ಚಿ ಯಾರಿಗೆ ಬೇಕಲೇ, ಹುಚ್ಚಾ!”

‘ರೀ’ ಹೋಗಿತ್ತು, ‘ಲೇ’ ಬಂದಿತ್ತು! ಅವನಿಗೆ ಧೈರ್ಯ ಬಂತು.

“ಐತಿ ಮಹೇಶ್ವರಿ. ಭಾಳ ಐತಿ. ನಾ ಕೆಸರಾಗ ಬಿದ್ದಾಗ ನೀ ನಕ್ಕೆಲ್ಲ... ಮರುದಿನ ಬೇಕಂತನ ಬಿದ್ದೆ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. “ಇದನ್ನ ಒಳಗ ಬಂದು ಹೇಳು. ಸಮಿತಿ ಮುಂದ ಸುಳ್ಳು ಹೇಳೀದಿ, ಸಮಿತಿ ಮುಂದನ ಖರೇ ಹೇಳು.”

“ಅಲ್ಲಿ ನಿಮ್ಮವ್ವ ಅದಾರ!”

“ನಾ ಬಾಜೂಕ ನಿಂದರ್ತೀನಿ.”

ಅವನು ಎದ್ದ. ಅವಳ ಕಡೆ ಕೈ ಚಾಚಿ, ಅರ್ಧಕ್ಕೇ ತಡೆದ. “ಹಿಡೀಲೇನು?”

“ಹಿಡಿ. ಒಳಗ ಹೋದ ಮ್ಯಾಲ ಬಿಟ್ಟೀ ಅಂದ್ರ ನೋಡು ಮತ್ತ!”

“ನಿಮ್ಮವ್ವಾರ ಕಡಿಂದ ಬೈಸ್ಕೋತೀನಿ,” ಅವನೆಂದ. “ಬಿಡಂಗಿಲ್ಲ.”