ಹದಿನೇಳನೇ ನಂಬರಿನ ಬಾಟಲು

2014ರ ಕಾರ್ತಿಕ ಮಾಸ, ಸಂಜೆ ಐದೂವರೆ. ಹೂಡಿಯ ಲ್ಯಾಬಿನಲ್ಲಿ ಗಾಜಿನಾಚೆ ಆ ಗಂಡಸು ಮತ್ತೆ ಬಂದು ನಿಂತಿದ್ದ.

ಬಾಟಲು ತೊಳೆಯುತ್ತಿದ್ದ ಪದ್ಮಾವತಿ ತಲೆ ತಗ್ಗಿಸಿದಳು. ಪ್ರತಿ ಗುರುವಾರ ಪೀಣ್ಯದಿಂದ ಗ್ಯಾಸ್ ಸಿಲಿಂಡರ್ ತರುವ ಮುನಿರಾಜು, ಇಳಿಸಿ ಹೋಗದೆ ಹೀಗೇ ನೋಡುತ್ತಾ ನಿಲ್ಲುತ್ತಿದ್ದ. ಎಲ್ಲರೂ ಅವನನ್ನು ಅಣ್ಣ ಅನ್ನುತ್ತಿದ್ದರು. ಅವಳ ಬಾಯಿಗೆ ಮಾತ್ರ ಆ ಮಾತು ಬರುತ್ತಿರಲಿಲ್ಲ! ಇವತ್ತು ಕನಕಾಂಬರ ಬೇರೆ ಮುಡಿದು ಬಂದಿದ್ದಳು.

ಅವನು ಬಾಗಿಲಿಗೆ ಬಂದ. "ಮೇಡಂ... ಅವಳು ಚೆನ್ನಾಗಿದ್ದಾಳಾ?"

"ಬಾಟಲು ತೊಳೆಯೋಳಿಗೆ ಮೇಡಂ ಅಂತೀರಲ್ಲ! ಯಾರ್ರೀ ಅವಳು?"

"ನನ್ನ ಹೆಂಡ್ತಿ, ಅಂಜಿನಿ. ಹದಿನೇಳನೇ ನಂಬರು."

ಹದಿನೇಳನೇ ಬಾಟಲಿನ ಕತೆ ಪದ್ಮಾವತಿಗೆ ಗೊತ್ತಿತ್ತು. ಅಂಜಿನಿ ಸತ್ತು ಎಂಟು ತಿಂಗಳು. ಅವಳ ಎದೆಯ ಗಡ್ಡೆಯ ಚೂರನ್ನು, ಇವನ ಸಹಿ ಹಾಕಿಸಿಕೊಂಡು, ಆಸ್ಪತ್ರೆಯವರು ಇಲ್ಲಿಗೆ ಕಳಿಸಿದ್ದರು. ಬೆಚ್ಚನೆ ಪೆಟ್ಟಿಗೆಯೊಳಗೆ ಅದಿನ್ನೂ ಬೆಳೆಯುತ್ತಿತ್ತು.

"ಈ ಗ್ಯಾಸು ಇಲ್ದಿದ್ರೆ ಬದುಕಲ್ವಂತೆ. ಅದ್ಕೇ ಈ ರೂಟು ಕೇಳಿ ಹಾಕ್ಸ್ಕೊಂಡೆ."

ಹಾಗಾದರೆ ನೋಡುತ್ತಿದ್ದದ್ದು ನನ್ನನ್ನಲ್ಲ...

ಅಂದಿನಿಂದ ಗುರುವಾರ ಗುರುವಾರ ಅವಳೇ ಸುದ್ದಿ ಹೇಳಿದಳು. "ಚೆನ್ನಾಗಿದ್ದಾರೆ." ಅಷ್ಟಕ್ಕೇ ಅರಳುವ ಆ ಮುಖಕ್ಕಾಗಿ ವಾರವಿಡೀ ಕಾಯುವಂತಾದಳು.

ಮಾಗಿಯ ಒಂದು ಮಧ್ಯಾಹ್ನ ಲ್ಯಾಬಿನ ವಿಜ್ಞಾನಿ ಪ್ರಿಯಾಂಕಾ ಮೇಡಂ ಮೈಕ್ರೋಸ್ಕೋಪಿನಲ್ಲಿ ಹದಿನೇಳನ್ನು ತೋರಿಸಿದರು. "ನಿನ್ನೆ ಬರೀ ಕತ್ತಲೆಯಿತ್ತು. ಮೈ ಕಾಯೋ ಕಣಗಳು ಬಿಡೋ ರಸ ಒಂದು ಹನಿ ಹಾಕಿದ್ದೆ. ಈಗ ನೋಡು."

ನೂರಾರು ಹಸಿರು ಬಳೆಗಳು! ಯಾರೋ ಒಟ್ಟಿಗೆ ಕಣ್ಣು ತೆರೆದ ಹಾಗೆ...

"ಏನಿದು ಮೇಡಂ?"

"ವೇಷ. ಕಾವಲು ಹತ್ತಿರ ಬಂತು ಅಂತ ಗೊತ್ತಾದ್ರೆ, ಈ ಕ್ಯಾನ್ಸರ್ ಕಣ 'ನಾನು ನಿಮ್ಮವಳೇ' ಅನ್ನೋ ಗುರುತನ್ನ ಮೈತುಂಬಾ ಹೊದ್ಕೊಳ್ಳುತ್ತೆ. ಆ ಗುರುತಿಗೆ ಅಂಟೋ ಬಣ್ಣನೇ ಈ ಹಸಿರು. ಕಾವಲು ಮುಟ್ಟಿ ನೋಡಿ ಸುಮ್ನೆ ವಾಪಸ್ ಹೋಗುತ್ತೆ. ಹಾಗೇ ಆ ಹೆಂಗಸನ್ನ ತಿಂದದ್ದು."

ಪದ್ಮಾವತಿ ಮೈಕ್ರೋಸ್ಕೋಪಿನಿಂದ ಹಿಂದೆ ಸರಿದಳು. ಅಲ್ಲಿರುವುದು ಅಂಜಿನಿಯಲ್ಲ. ಅಂಜಿನಿಯನ್ನು ಕೊಂದದ್ದು! ಅದಕ್ಕೆ ಅವನು ಉಸಿರು ಹೊತ್ತು ತರುತ್ತಿದ್ದಾನೆ. ಹೇಳಿದರೆ ಇನ್ನು ಬರುವುದಿಲ್ಲ. ಹೇಳದಿದ್ದರೆ... ನಾನೂ ವೇಷದವಳೇ.

ಗುರುವಾರ ಹೇಳಿಬಿಟ್ಟಳು.

"ಬಾಯ್ಮುಚ್ಚು!" ಸಿಲಿಂಡರ್ ಅಲ್ಲೇ ಬಿಟ್ಟು ಅವನು ಹೊರಟುಹೋದ.

ಮೂರು ಗುರುವಾರ ಬೇರೆ ಯಾರೋ ಬಂದರು. ಅವಳು ತಲೆ ಎತ್ತಲಿಲ್ಲ.

ನಾಲ್ಕನೆಯದಕ್ಕೆ ಮುನಿರಾಜು ಬಂದ. ಪ್ರಯೋಗ ಮುಗಿಯಿತೆಂದು ಅಂದೇ ಹದಿನೇಳನ್ನು ಮುಗಿಸಿಬಿಡಲು ಮೇಡಂ ಹೇಳಿದ್ದರು. ಗಾಜಿನಾಚೆ ಅವನಿಗೆ ಬಾಟಲು ಎತ್ತಿ ತೋರಿಸಿದಳು. ಅವನು ನಿಧಾನಕ್ಕೆ ತಲೆಯಾಡಿಸಿದ. ಬ್ಲೀಚಿಂಗ್ ನೀರು ಸುರಿದಳು. ಒಳಗಿನ ಗುಲಾಬಿ ಬಣ್ಣದ ನೀರು ಬೆಳ್ಳಗಾಯಿತು.

"ಆಸ್ಪತ್ರೆಗೋಗಿ ಕೇಳ್ದೆ," ಎಂದ ಒಳಗೆ ಬಂದು. "ನೀವು ಹೇಳಿದ್ದೇ ನಿಜ. ನೀವು ಸುಳ್ಳೇ ಹೇಳ್ತಾ ಇದ್ದಿದ್ರೆ ನಾನು ಬರ್ತಾನೇ ಇರ್ತಿದ್ದೆ."

"ಬರ್ತಿದ್ರಿ. ಯಾರನ್ನ ನೋಡೋಕೆ?"

ಅವನು ಬೆಳ್ಳಗಾದ ಬಾಟಲಿನತ್ತ ನೋಡಿದ.

"ಇವತ್ತು ಯಾರನ್ನ ನೋಡೋಕೆ ಬಂದ್ರಿ?"

"ನಿಮ್ಮನ್ನೇ, ಪದ್ಮಾವತಿ."

ಅವಳ ಕಣ್ಣು ತುಂಬಿತು. "ನಾಳೆ ಸಿಲಿಂಡರ್ ಇಲ್ವಲ್ಲ..."

"ನಾಳೆ ಸುಮ್ನೆ ಬರ್ತೀನಿ."

ಅಂಜಿನಿ ತೀರಿಕೊಂಡದ್ದು ಹಿಂದಿನ ಮಾರ್ಚಿನ ಒಂದು ಸೋಮವಾರ. ಮುನಿರಾಜು ಅವಳನ್ನು ಕಳಿಸಿಕೊಟ್ಟದ್ದು ಈ ಗುರುವಾರ, ಸಂಜೆ.