ಸೂಜಿ ಮ್ಯಾಲಿನ ಭಾರ

ನಂಬ್ರಿ, ಬಿಡ್ರಿ, ನನಗೇನೂ ಆಗಬೇಕಾಗಿಲ್ಲ. ನಾ ಬೆಳಗಾವಿ ಉದ್ಯಮಬಾಗದ ಕಾರಖಾನಿಯಾಗ ಲೇಥ್ ನಡಸಾಂವ. ತೂಕ, ಅಳತಿ ಬಿಟ್ಟು ಬ್ಯಾರೆ ಯಾವುದನ್ನೂ ನಂಬೂದಿಲ್ಲ.

ನನ್ನ ರೆಕಾರ್ಡ್ ಪ್ಲೇಯರಿಗೆ ಸೂಜಿ ಇರೂ ಕಾರ್ಟ್ರಿಜ್ ಬೇಕಾಗಿತ್ತು. ಖಾನಾಪುರದಾಗ ತೀರಿಕೊಂಡ ಬಾಳಾಸಾಹೇಬರ ಸಾಮಾನ ಮಾರಾಕತ್ತಾರಂತ ಕೇಳಿ ಮಧ್ಯಾಹ್ನ ಹೋದೆ. ಅವರ ಹೆಂಡತಿ ಗೌರವ್ವ ಒಳಗ ಕರೀಲಿಲ್ಲ. ಕಟ್ಟಿ ಮ್ಯಾಲೆ ಎರಡು ಕಾರ್ಟ್ರಿಜ್ ಇಟ್ಟರು: ಒಂದು ಸಾದಾ ಮ್ಯಾಗ್ನೆಟ್‌ದು, ಇನ್ನೊಂದು ತುಟ್ಟಿ ಜಾತಿದು, ಮೂವಿಂಗ್ ಕಾಯಿಲ್. ನಾ ಯಾವುದು ಅಂತ ವಿಚಾರ ಮಾಡೂದರಾಗ, ಕಾಯಿಲ್‌ದ್ದನ್ನ ಇಕ್ಕಳದಿಂದ ನನ್ನ ಕಡೆ ನೂಕಿದರು.

"ಇದನ್ನ ಒಯ್ಯಿರಿ. ದನಿ ಛಲೋ ಐತಿ. ಅವರು ಇದನ್ನ ಯಾರಿಗೂ ಮುಟ್ಟಾಕ ಬಿಡತಿದ್ದಿಲ್ಲ."

ಬೆಳಗಾವಿಗೆ ಬಂದು ಹಚ್ಚಿದೆ. ಸೂಜಿ ಹಿಡಿಯೂ ತೋಳಿನ ಹಿಂದಿನ ಗುಂಡು ತಿರುವಿ, ರೆಕಾರ್ಡ್ ಮ್ಯಾಲೆ ಬೀಳೂ ಸೂಜಿ ಭಾರ ಎರಡು ಗ್ರಾಂ ಇಟ್ಟೆ. ದನಿ ಖರೇನ ಛಲೋ ಇತ್ತು. ಅರ್ಧ ಹಾಡಿನಾಗ ಕರಕರ ಸುರುವಾತು. ಸಣ್ಣ ತಕ್ಕಡಿ ಮ್ಯಾಲೆ ಸೂಜಿ ಇಟ್ಟು ನೋಡಿದರ ನಾಕು ಗ್ರಾಂ. ಸರಿ ಮಾಡಿ ಮತ್ತ ಹಚ್ಚಿದೆ. ಈ ಸಲ ಆರು. ಸೂಜಿ ರೆಕಾರ್ಡನ್ನ ಕೆತ್ತಾಕತ್ತಿತ್ತು. ಎತ್ತಾಕ ಹೋದರ, ಯಾರೋ ಈಗಷ್ಟ ಬೆರಳು ತಗದಂಗ ತೋಳಿನ ತುದಿ ಬೆಚ್ಚಗಿತ್ತು.

ಸಿಟ್ಟಿಗೆದ್ದು ಗೌರವ್ವಗ ಫೋನ್ ಮಾಡಿದೆ.

"ತಿರಗಿ ತರಬ್ಯಾಡ್ರಿ," ಅಂದರು. "ನಮ್ಮ ಮನಿ ಈಗ ಆರಾಮ ಐತಿ."

ಕಾರ್ಟ್ರಿಜ್ ಬಿಚ್ಚಿ ಹಿತ್ತಲದಾಗ ಒಗದೆ. ಮುಂದ ಭಾರ ಇಲ್ಲಂದರ, ಹಿಂದಿನ ಗುಂಡಿನ ತೂಕಕ್ಕ ತೋಳು ತಾನ ಮ್ಯಾಲೆ ಏಳಬೇಕು. ಎದ್ದಿಲ್ಲ. ಇವತ್ತಿಗೂ ರೆಕಾರ್ಡಿಗೆ ಒತ್ತಿಕೊಂಡ ಕುಂತೈತಿ.